ಕಲ್ಯಾಣದ ಹೆದ್ದಾರಿ ಮತ್ತು ಮಿಯಾಪುರ: ಹಿರಿಯರ ಆರೈಕೆಯ ಒಂದು ಚರಿತ್ರೆ

ಪುಣೆ, ಸೊಲ್ಲಾಪುರಗಳ ಕಡೆಯಿಂದ ಬಂದು ಬಸವಕಲ್ಯಾಣದ ಪಕ್ಕದಲ್ಲೇ ಹಾದು, ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರುಗಳನ್ನು ದಾಟುವ ರಾಷ್ಟ್ರೀಯ ಹೆದ್ದಾರಿ 65 ಹೈದರಾಬಾದ್ ನಗರವನ್ನು ಹೊಗುವ ವಾಯವ್ಯ ಅಂಚಿನಲ್ಲಿ ಮಿಯಾಪುರವಿದೆ. ಬೀದರದಿಂದ ಈ ದಾರಿಯಲ್ಲಿ ಬರುವ ಬಸ್ಸುಗಳು ನಗರದ ಒಳಭಾಗವನ್ನು ಸೇರುವ ಮೊದಲು ಇಲ್ಲಿ ನಿಲ್ಲುತ್ತವೆ. ಊರಿನ ದಕ್ಷಿಣಕ್ಕೆ ಸಮೀಪದಲ್ಲೇ ಹಾದುಹೋಗುವ ವಾಡಿ–ಸಿಕಂದರಾಬಾದ್ ರೈಲುಮಾರ್ಗವು 1874ರಲ್ಲಿ ನಿಜಾಮರ ಕಾಲದಲ್ಲಿ ತೆರೆದದ್ದು. ಹಫೀಜ್‌ಪೇಟೆ ಮತ್ತು ಲಿಂಗಂಪಲ್ಲಿ ಅದರ ಮೇಲಿನ ನಿಲ್ದಾಣಗಳು. ರಂಗಾರೆಡ್ಡಿ ಜಿಲ್ಲೆಯ ಶೇರಿಲಿಂಗಂಪಲ್ಲಿ ಮಂಡಲಕ್ಕೆ ಸೇರಿದ ಮಿಯಾಪುರ 2007ರಲ್ಲಿ ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆಯ ಒಳಗೆ ಬಂದಿತು, 2017ರ ನವೆಂಬರ್ 28ರಂದು ಹೈದರಾಬಾದ್ ಮೆಟ್ರೊ ಉದ್ಘಾಟನೆಯಾದದ್ದು ಮಿಯಾಪುರ ನಿಲ್ದಾಣದಲ್ಲಿ. ಇಲ್ಲಿ ಮುಪ್ಪನ್ನು ಕಳೆಯುತ್ತಿರುವವರಲ್ಲಿ ಹೆಚ್ಚಿನವರು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ ಇವೇ ದಾರಿಗಳಲ್ಲಿ ಬಂದವರಾದುದರಿಂದ, ಅವರ ಆರೈಕೆಯ ಚರಿತ್ರೆಯನ್ನು ಬರೆಯುವಾಗ ದಾರಿಗಳನ್ನೇ ಮೊದಲು ಹೇಳಬೇಕಾಗುತ್ತದೆ.

ವೃದ್ಧರ ಆರೈಕೆಯ ಬಗೆಗಿನ ಚರ್ಚೆಗಳು ಸಾಮಾನ್ಯವಾಗಿ ಕೂಡುಕುಟುಂಬ ಒಡೆಯಿತು, ವೃದ್ಧಾಶ್ರಮ ಬಂದಿತು ಎಂಬಷ್ಟಕ್ಕೆ ಮುಗಿದುಹೋಗುತ್ತವೆ. ದಖನ್ನಿನ ದಾಖಲೆಗಳನ್ನು ನೋಡಿದರೆ ಕಥೆ ಅಷ್ಟು ಸರಳವಾಗಿಲ್ಲ. ವೃದ್ಧರ ಅನ್ನ, ಬಟ್ಟೆ, ವಸತಿಗಳ ಖರ್ಚು ಯಾರ ಹೊಣೆ ಎಂಬುದನ್ನು ಪ್ರತಿಯೊಂದು ಕಾಲವೂ ಶಾಸ್ತ್ರಗ್ರಂಥದಲ್ಲಿ, ಸನದಿನಲ್ಲಿ ಅಥವಾ ಕಾಯ್ದೆಯಲ್ಲಿ ಬರೆದಿಟ್ಟಿದೆ; ಹಾಸಿಗೆ ಹಿಡಿದವರನ್ನು ಎಬ್ಬಿಸುವ, ತೊಳೆಯುವ, ಉಣಿಸುವ ಕೈ ಯಾರದು, ಆ ಕೆಲಸ ಚೆನ್ನಾಗಿ ಆಗುತ್ತಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಮಾತ್ರ ಬರಹದ ಉತ್ತರ ಬಹಳ ವಿರಳ. ಮಿಯಾಪುರದ ಇಂದಿನ ಸ್ಥಿತಿಯನ್ನು ಅರ್ಥಮಾಡಿಕೊಳ್ಳಲು ಈ ಅಂತರವೇ ಮುಖ್ಯ.

ಇದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕಿರುವ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಕಲಬುರಗಿ ಸಮೀಪದ ಮರತೂರು ಆತನ ಊರೆಂದು ಗುರುತಿಸಲಾಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ಆತನ ಸಿದ್ಧಾಂತ ಭಾರತದ ಬಹುಭಾಗದ ಹಿಂದೂ ಕಾನೂನಿಗೆ ಆಧಾರವಾಯಿತು. ಮುದಿ ತಂದೆತಾಯಿಯರನ್ನು ಎಂಥ ಕಷ್ಟದಲ್ಲೂ ಪೋಷಿಸಲೇಬೇಕು, ಅದಕ್ಕಾಗಿ ಮಾಡಬಾರದ ಕೆಲಸ ಮಾಡಬೇಕಾಗಿ ಬಂದರೂ ಸರಿ ಎಂಬ ಭಾವದ ಮನುವಚನವೂ ಈ ಪರಂಪರೆಯ ಗ್ರಂಥಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಹಕ್ಕು ಮತ್ತು ಹೊಣೆ ಒಂದೇ ಕಡೆ ನಿಂತಂತೆ ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಹುಟ್ಟಿನಿಂದ ಬಂದ ಹಕ್ಕನ್ನು ಹಿರಿಯರು ಹಿಂದಕ್ಕೆ ಪಡೆಯುವಂತಿಲ್ಲ, ಹೊಣೆಯನ್ನೋ ಮಕ್ಕಳು ಅರೆಬರೆಯಾಗಿ ನಿರ್ವಹಿಸಬಹುದು. ಪಾಲಾದ ಮನೆಗಳಲ್ಲಿ ತಂದೆತಾಯಿಯರು ಇಷ್ಟು ತಿಂಗಳು ಈ ಮಗನ ಮನೆ, ಇಷ್ಟು ತಿಂಗಳು ಆ ಮಗನ ಮನೆ ಎಂದು ಪಾಳಿಯ ಮೇಲೆ ಇರುವ ರೂಢಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಕಾಣುವಂಥದ್ದು. ಅಂಥ ಮನೆಗಳಲ್ಲಿ ಆರೈಕೆಯ ನಿಜವಾದ ಭಾರ ಬೀಳುತ್ತಿದ್ದುದು ಸೊಸೆಯಂದಿರ ಮೇಲೆ, ವಿಧವೆಯರಾಗಿ ತವರಿಗೆ ಮರಳಿದ ಹೆಣ್ಣುಮಕ್ಕಳ ಮೇಲೆ. ಧರ್ಮಶಾಸ್ತ್ರದ ವ್ಯಾಖ್ಯಾನಕಾರರು ಅವರ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸೇವೆಯ ಸ್ವರೂಪವನ್ನೇ ಹೇಳುವ ಅಪರೂಪದ ಕನ್ನಡ ದಾಖಲೆಯೊಂದು 1162ರದ್ದು. ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕಾಳಾಮುಖ ಶೈವ ಯತಿಗಳು ನಡೆಸುತ್ತಿದ್ದ ಕೋಡಿಯ ಮಠಕ್ಕೆ, ಕಲ್ಯಾಣದ ಸಿಂಹಾಸನವನ್ನು ವಶಪಡಿಸಿಕೊಂಡಿದ್ದ ಬಿಜ್ಜಳನ ಕಾಲದಲ್ಲಿ ಹಾಕಿಸಿದ ಶಾಸನವು ಆ ಮಠ ಏನೇನು ಮಾಡುತ್ತಿತ್ತೆಂಬುದನ್ನು ವಿವರವಾಗಿ ಎಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನದಾನ, ನಾನಾ ಪಂಥಗಳ ಭಿಕ್ಷುಗಳಿಗೆ ಆಶ್ರಯ, ರೋಗಿಗಳಿಗೆ ಔಷಧೋಪಚಾರ ಅಲ್ಲಿ ನಡೆಯುತ್ತಿತ್ತು. ಪಂಥಭೇದವಿಲ್ಲದೆ ಬಂದವರನ್ನು ಒಳಗೆ ಬಿಟ್ಟುಕೊಳ್ಳುವುದು, ಉಣಿಸುವುದು, ಚಿಕಿತ್ಸೆ ಕೊಡುವುದು ಈ ಮೂರನ್ನೂ ಒಂದೇ ಸೂರಿನಡಿ ತಂದ ಈ ಸಂಸ್ಥೆಯನ್ನು ವೃದ್ಧಾಶ್ರಮವೆಂದು ಕರೆಯುವುದು ಕಾಲವಿರೋಧವಾದೀತು. ಹಾಗಿದ್ದರೂ ಮನೆಯ ಹೊರಗೆ ಆರೈಕೆ ಸಿಗುವ ಏರ್ಪಾಡು ಪಾಶ್ಚಾತ್ಯರಿಂದ ಬಂದ ಹೊಸ ಸಂಗತಿ ಎಂಬ ನಂಬಿಕೆ ಈ ಶಾಸನದ ಮುಂದೆ ನಿಲ್ಲುವುದಿಲ್ಲ. ಶರಣರ ದಾಸೋಹವೂ ಇದೇ ಶತಮಾನದ್ದು ಎಂಬುದನ್ನು ಇಲ್ಲಿ ನೆನೆಯಬೇಕು.

ನಿಜಾಮರ ಹೈದರಾಬಾದಿನಲ್ಲಿ ಖರ್ಚಿನ ಹೊಣೆ ಮುಖ್ಯವಾಗಿ ನೆಲದ ಮೇಲೆ ನಿಂತಿತ್ತು. ಮಿಯಾಪುರದ ನೆರೆಯ ಹಫೀಜ್‌ಪೇಟೆ, ಹೈದರ್‌ನಗರಗಳ ವಿಸ್ತಾರವಾದ ಭೂಮಿ ಖುರ್ಷಿದ್ ಜಾಹಿ ಪಾಯ್ಗಾಕ್ಕೆ ಸೇರಿತ್ತು. ಪಾಯ್ಗಾ ಎಂದರೆ ಸೇನೆಯನ್ನು ಪೋಷಿಸುವ ಹೊಣೆಯೊಡನೆ ನಿಜಾಮರು ತಮ್ಮ ಅತಿ ಹತ್ತಿರದ ಸರದಾರ ಮನೆತನಕ್ಕೆ ಕೊಟ್ಟ ದೊಡ್ಡ ಜಹಗೀರು. ಇಂಥ ಜಹಗೀರುಗಳ ಆದಾಯದಿಂದ ಮನೆತನದ ಮುದುಕರು, ವಿಧವೆಯರು, ಹಳೆಯ ಆಳುಗಳು ಬದುಕುತ್ತಿದ್ದರು. ಸರ್ಕಾರಿ ನೌಕರರಿಗಾದರೋ ಮೊದಲನೆಯ ಸಾಲಾರ್ ಜಂಗ್ ದಿವಾನನಾಗಿದ್ದ ಕಾಲದ (1853–1883) ಆಡಳಿತ ಸುಧಾರಣೆಯ ನಂತರ ನಿಯಮಬದ್ಧವಾದ ನೌಕರಿ ಬೆಳೆಯಿತು, ನೌಕರಿಯಿಂದ ಇಳಿದವರಿಗೆ ವಜೀಫಾ, ಅಂದರೆ ನಿವೃತ್ತಿವೇತನ, ಸಿಗತೊಡಗಿತು. ಬೀದರ, ಕಲಬುರಗಿ, ರಾಯಚೂರುಗಳಿಂದ ರಾಜಧಾನಿಗೆ ಬಂದ ಕನ್ನಡಿಗ ಗುಮಾಸ್ತರು, ಉಪಾಧ್ಯಾಯರು, ವಕೀಲರು ಸುಲ್ತಾನ್ ಬಜಾರ್, ಕಾಚಿಗುಡ ಸುತ್ತಮುತ್ತ ನೆಲೆಸಿ ಅಲ್ಲಿಯೇ ಮುದುಕರಾದರು. ಕಾಚಿಗುಡದ ನೃಪತುಂಗ ಶಾಲೆ ಮತ್ತು ಕರ್ನಾಟಕ ಸಾಹಿತ್ಯ ಮಂದಿರ ಆ ತಲೆಮಾರಿನ ಸಾಮೂಹಿಕ ಬದುಕಿನ ಗುರುತುಗಳಾಗಿ ಉಳಿದಿವೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, 1949ರ ಜಹಗೀರು ರದ್ದತಿಗಳ ಬಳಿಕ ನೆಲದ ಆಸರೆ ಕುಸಿಯಿತು. ಪಾಯ್ಗಾ ಭೂಮಿಯ ವಾರಸುದಾರಿಕೆಯ ಬಗ್ಗೆ 1958ರಲ್ಲಿ ಹೂಡಿದ ದಾವೆಯ ಎಳೆಗಳು ದಶಕಗಳ ಕಾಲ ಹೈಕೋರ್ಟಿನಲ್ಲಿ ಉಳಿದವು, ಮಿಯಾಪುರ ಸುತ್ತಲಿನ ಜಮೀನಿನ ವ್ಯಾಜ್ಯಗಳು ಈ ಶತಮಾನದಲ್ಲೂ ಸುದ್ದಿಯಾದವು.

ವೃದ್ಧರಿಗಾಗಿಯೇ ಮೀಸಲಾದ ಮನೆ ಎಂಬ ಸಂಸ್ಥೆ ದಖನ್ನಿಗೆ ಬಂದದ್ದು ಕ್ರೈಸ್ತ ಸನ್ಯಾಸಿನಿಯರ ಮೂಲಕ. 1839ರಲ್ಲಿ ಫ್ರಾನ್ಸಿನ ಸೇಂಟ್-ಸರ್ವಾನ್ ಎಂಬಲ್ಲಿ ಜೀನ್ ಜುಗಾನ್ ಎಂಬಾಕೆ ಕುರುಡಿಯಾದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟುದರಿಂದ ಹುಟ್ಟಿದ 'ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್' ಸಭೆಯು 1882ರಲ್ಲಿ ಕಲ್ಕತ್ತೆಯಲ್ಲಿ, 1900ರಲ್ಲಿ ಬೆಂಗಳೂರಿನಲ್ಲಿ ಮನೆಗಳನ್ನು ತೆರೆಯಿತು. ಸಿಕಂದರಾಬಾದಿನಲ್ಲೂ ಅದರ ಮನೆಯಿದೆ. ಈ ಸನ್ಯಾಸಿನಿಯರು ಮಾರುಕಟ್ಟೆಗಳಲ್ಲಿ, ಮನೆಬಾಗಿಲುಗಳಲ್ಲಿ ಬೇಡಿ ತಂದುದರಿಂದ ವೃದ್ಧರನ್ನು ಸಾಕುವುದನ್ನು ನೇಮವಾಗಿ ಇಟ್ಟುಕೊಂಡವರು, ಜೊತೆಗೆ ತಾವೇ ವೃದ್ಧರ ಮೈ ತೊಳೆದು, ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿ ಕುಳಿತಿರುವವರು. ಖರ್ಚಿನ ಪ್ರಶ್ನೆಗೂ ಕೈಯ ಪ್ರಶ್ನೆಗೂ ಒಂದೇ ಸಂಸ್ಥೆ ಉತ್ತರ ಕೊಟ್ಟ ಉದಾಹರಣೆ ಕೋಡಿಯ ಮಠದ ನಂತರ ಇದಕ್ಕಿಂತ ಸ್ಪಷ್ಟವಾದದ್ದು ದೊರೆಯುವುದಿಲ್ಲ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಭಾಗವಾಗಿ, ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಗರದ ವಾಯವ್ಯ ದಿಕ್ಕಿನ ಬಯಲು ಕಾರ್ಖಾನೆಗಳ ಸೀಮೆಯಾಗಿ ಬದಲಾದದ್ದು ಅನಂತರದ ಎರಡು ದಶಕಗಳಲ್ಲಿ. ಬಾಲಾನಗರದಲ್ಲಿ ಐಡಿಪಿಎಲ್ ಔಷಧ ಕಾರ್ಖಾನೆ, ರಾಮಚಂದ್ರಾಪುರದಲ್ಲಿ ಬಿಎಚ್‌ಇಎಲ್ ಮತ್ತು ಅದರ ಟೌನ್‌ಶಿಪ್, 1972ರಲ್ಲಿ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಬಂದವು. ದೇಶದ ಎಲ್ಲ ಭಾಗಗಳಿಂದ ಬಂದ ಕಾರ್ಮಿಕರು, ಎಂಜಿನಿಯರುಗಳು ಕ್ವಾರ್ಟರ್ಸ್‌ನಲ್ಲಿ ಸಂಸಾರ ಮಾಡಿ, ನಿವೃತ್ತಿಯ ಹೊತ್ತಿಗೆ ಕೂಕಟ್‌ಪಲ್ಲಿ ಹೌಸಿಂಗ್ ಬೋರ್ಡ್ ಕಾಲೊನಿ, ಚಂದಾನಗರ, ಮಿಯಾಪುರಗಳಲ್ಲಿ ನಿವೇಶನ ಕೊಂಡರು. ಹೀಗೆ ಮಿಯಾಪುರದ ಹಿರಿಯರಲ್ಲಿ ಒಂದು ದೊಡ್ಡ ಪಾಲು ಪಿಂಚಣಿಯ ತಲೆಮಾರು. ಪಿಂಚಣಿ ಸರ್ಕಾರ ತೋರುವ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಬರಬೇಕಾದ ಹಕ್ಕು ಎಂದು ಸುಪ್ರೀಂ ಕೋರ್ಟು ಡಿ. ಎಸ್. ನಕಾರಾ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದು ಹೇಳಿದ ತೀರ್ಪು ಸರ್ಕಾರಿ ನಿವೃತ್ತರಿಗೆ ಬಲ ಕೊಟ್ಟಿತು. ಕಾರ್ಖಾನೆಯ ಕಾರ್ಮಿಕರಿಗೆ ದೊರೆತದ್ದು 1995ರ ನೌಕರರ ಪಿಂಚಣಿ ಯೋಜನೆ. ಅದರ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿಗೆ ನಿಗದಿ ಮಾಡಲಾಯಿತು. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಲ್ಲಿ ಇವೆರಡೂ ಬಗೆಯ ನಿವೃತ್ತರಿರುವಾಗ, ಹಾಸಿಗೆ ಹಿಡಿದ ದಿನ ಅವರಿಬ್ಬರ ನಡುವಿನ ವ್ಯತ್ಯಾಸ ಏನೆಂಬುದನ್ನು ಊಹಿಸುವುದು ಕಷ್ಟವಲ್ಲ.

1998ರ ನವೆಂಬರಿನಲ್ಲಿ ಮಾದಾಪುರದ ಸೈಬರ್ ಟವರ್ಸ್ ಎಂಬ ಸಾಫ್ಟ್‌ವೇರ್ ಸಂಕೀರ್ಣ ಉದ್ಘಾಟನೆಯಾದ ಬಳಿಕ ಈ ಭಾಗದ ಚಿತ್ರ ಮತ್ತೊಮ್ಮೆ ಬದಲಾಯಿತು. ಪಿಂಚಣಿಯ ತಲೆಮಾರಿನ ಮಕ್ಕಳು ಅಮೆರಿಕಕ್ಕೆ, ಆಸ್ಟ್ರೇಲಿಯಕ್ಕೆ ಹೊರಟರು. ಅದೇ ಹೊತ್ತಿಗೆ ಬೀದರ, ಕಲಬುರಗಿ, ಬೆಂಗಳೂರುಗಳಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಯುವಕರು ಮಿಯಾಪುರದ ಅಪಾರ್ಟ್‌ಮೆಂಟುಗಳಲ್ಲಿ ನೆಲೆಸಿ, ಊರಿನಲ್ಲಿ ಒಂಟಿಯಾದ ತಂದೆತಾಯಿಯರನ್ನು ಕರೆತಂದರು. ಎರಡೂ ಬಗೆಯ ಮನೆಗಳಲ್ಲಿ ಹಗಲಿನ ಹೊತ್ತು ಮುದುಕರ ಬಳಿ ಯಾರೂ ಇಲ್ಲದಂತಾಯಿತು. ಈ ಖಾಲಿಯನ್ನು ತುಂಬಿದ್ದು ಖಾಸಗಿ ವೃದ್ಧಾಶ್ರಮಗಳು ಮತ್ತು ಮನೆಗೆ ಆಯಾಗಳನ್ನು ಕಳುಹಿಸುವ ಏಜೆನ್ಸಿಗಳು. ಮಿಯಾಪುರ, ಹಫೀಜ್‌ಪೇಟೆ, ನಿಜಾಂಪೇಟೆಗಳ ಒಳರಸ್ತೆಗಳಲ್ಲಿ ಬಾಡಿಗೆಗೆ ಹಿಡಿದ ಎರಡು ಮೂರು ಅಂತಸ್ತಿನ ಸ್ವತಂತ್ರ ಮನೆಗಳೇ ಆಶ್ರಮಗಳಾದವು. ಸಂಸಾರಕ್ಕೆಂದು ಕಟ್ಟಿದ ಮನೆಯ ಮೆಟ್ಟಿಲು ಕಡಿದಾಗಿರುತ್ತದೆ, ಬಚ್ಚಲ ಬಾಗಿಲಿನಲ್ಲಿ ಗಾಲಿಕುರ್ಚಿ ಹೋಗುವುದಿಲ್ಲ, ನೆಲದ ನುಣುಪಾದ ಟೈಲ್ಸ್ ನೀರು ಬಿದ್ದರೆ ಜಾರುತ್ತದೆ. ಸೊಂಟದ ಮೂಳೆ ಮುರಿಯುವುದಕ್ಕೆ ಇಷ್ಟೇ ಸಾಕು.

ಕಾನೂನು ಈ ಬೆಳವಣಿಗೆಯ ಹಿಂದೆ ನಿಧಾನವಾಗಿ ನಡೆಯಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಮಗನಷ್ಟೇ ಮಗಳನ್ನೂ ವೃದ್ಧ ತಂದೆತಾಯಿಯರ ಪೋಷಣೆಗೆ ಹೊಣೆ ಮಾಡಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಆ ಹೊಣೆಯನ್ನು ಎಲ್ಲ ಮತದವರಿಗೂ ವಿಸ್ತರಿಸಿತು. 1999ರಲ್ಲಿ ಹಿರಿಯರ ರಾಷ್ಟ್ರೀಯ ನೀತಿ, 2007ರಲ್ಲಿ ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆ ಬಂದವು. ಈ ಕಾಯ್ದೆ ವಕೀಲರ ಖರ್ಚಿಲ್ಲದೆ ದೂರು ಕೇಳುವ ನ್ಯಾಯಮಂಡಳಿಯನ್ನು ಕೊಟ್ಟಿತು, ಮಾಸಿಕ ಜೀವನಾಂಶಕ್ಕೆ ಗರಿಷ್ಠ 10,000 ರೂಪಾಯಿಯ ಮಿತಿಯನ್ನು ಇಟ್ಟಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆ ಮಾತು ತಪ್ಪಿದರೆ, ಹಿಂದಕ್ಕೆ ಪಡೆಯಲು ಅದರ 23ನೆಯ ಕಲಮು ಅವಕಾಶ ಮಾಡಿತು. ಮಿತಾಕ್ಷರಾ ಪದ್ಧತಿಯಲ್ಲಿ ಹಿರಿಯರ ಕೈ ಕಟ್ಟಿದ್ದ ಜಾಗದಲ್ಲಿ, ಕನಿಷ್ಠ ಸ್ವಯಾರ್ಜಿತ ಆಸ್ತಿಯ ಮಟ್ಟಿಗೆ, ಅವರಿಗೆ ಒಂದು ಹಿಡಿತ ದೊರೆತಂತಾಯಿತು. ಈ ಕಲಮನ್ನು ಹಿರಿಯರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥೈಸಬೇಕೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಹೇಳಿತು.

ಇದೇ ಕಾಯ್ದೆಯ 19ನೆಯ ಕಲಮು ಜಿಲ್ಲೆಗೆ ಒಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮಗಳ ಮಾತನಾಡುತ್ತದೆ, ಅಲ್ಲಿನ ಸೇವೆಯ ಗುಣಮಟ್ಟವನ್ನು ಗೊತ್ತುಪಡಿಸುವ ಮಾತನ್ನೂ ಆಡುತ್ತದೆ. ಆದರೆ ರಾಜ್ಯ ಸರ್ಕಾರ ಇವೆರಡನ್ನೂ ಮಾಡಬಹುದು ಎಂದಷ್ಟೇ ಅದರ ಮಾತಿದೆ, ಮಾಡಲೇಬೇಕು ಎಂದಿಲ್ಲ. ದುಡ್ಡು ಕೊಟ್ಟು ಸೇರುವ ಖಾಸಗಿ ಮನೆಗಳ ಪ್ರಶ್ನೆಗೆ ಮುಖಾಮುಖಿಯಾದದ್ದು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ. ಹಿರಿಯರ ಆರೈಕೆ ಮನೆಗಳಿಗೂ, ಮನೆಗೆ ಆರೈಕೆದಾರರನ್ನು ಕಳುಹಿಸುವ ಏಜೆನ್ಸಿಗಳಿಗೂ ನೋಂದಣಿ ಮತ್ತು ಕನಿಷ್ಠ ಗುಣಮಟ್ಟವನ್ನು ಅದು ವಿಧಿಸಲು ಹೊರಟಿತ್ತು. ಮಸೂದೆ ಅಂಗೀಕಾರವಾಗದೆ 2024ರಲ್ಲಿ ಹದಿನೇಳನೆಯ ಲೋಕಸಭೆಯೊಡನೆ ಬಿದ್ದುಹೋಯಿತು. ಅದು ಬಾಕಿಯಿದ್ದ ಕಾಲದಲ್ಲೇ, 2020ರ ಆರಂಭದಲ್ಲಿ, ಹೈದರಾಬಾದಿನ ಇನ್ನೊಂದು ಹೊರವಲಯದ ಆಶ್ರಮವೊಂದರಲ್ಲಿ ಕಿಕ್ಕಿರಿದು ತುಂಬಿದ್ದ ನಿವಾಸಿಗಳನ್ನು ಪೊಲೀಸರು ಬಿಡಿಸಿಕೊಂಡು ಬಂದ ಸುದ್ದಿ ಜನರನ್ನು ಬೆಚ್ಚಿಬೀಳಿಸಿತ್ತು. ನಾಲ್ಕು ವರ್ಷಕ್ಕೂ ಮೀರಿ ಒಂದು ಮಸೂದೆಯನ್ನು ಅಂಗೀಕರಿಸದೆ ಬಿಟ್ಟದ್ದು ಈ ಚರಿತ್ರೆಯಲ್ಲಿ ಕ್ಷಮಿಸಲಾಗದ ಅಧ್ಯಾಯ.

ಗುಣಮಟ್ಟವನ್ನು ಅಳೆಯುವುದು ಅಸಾಧ್ಯವೆಂಬುದೂ ನಿಜವಲ್ಲ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ರೂಪಿಸಿದ ಸೂಚಿಯು ಮುದುಕರೊಬ್ಬರು ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ ಈ ಆರು ದಿನನಿತ್ಯದ ಕೆಲಸಗಳಲ್ಲಿ ಎಷ್ಟನ್ನು ತಾವೇ ಮಾಡಿಕೊಳ್ಳಬಲ್ಲರು ಎಂಬುದನ್ನು ನೋಡುತ್ತದೆ. 1966ರಲ್ಲಿ ಅವೆಡಿಸ್ ಡೊನಬೆಡಿಯನ್ ಎಂಬ ವಿದ್ವಾಂಸನು ಆರೈಕೆಯ ಗುಣಮಟ್ಟವನ್ನು ಮೂರು ಕಡೆ ಹುಡುಕಬೇಕೆಂದನು: ಕಟ್ಟಡ, ಸಿಬ್ಬಂದಿಗಳಂಥ ವ್ಯವಸ್ಥೆಯಲ್ಲಿ, ದಿನವೂ ನಡೆಯುವ ಕೆಲಸದ ಕ್ರಮದಲ್ಲಿ, ಕೊನೆಗೆ ವ್ಯಕ್ತಿಯ ಮೇಲಾದ ಪರಿಣಾಮದಲ್ಲಿ. ಮಿಯಾಪುರದಲ್ಲಿ ತಂದೆತಾಯಿಯರಿಗಾಗಿ ವೃದ್ಧಾಶ್ರಮ ಹುಡುಕುತ್ತ ಬರುವ ಮಕ್ಕಳಿಗೆ ಸಾಮಾನ್ಯವಾಗಿ ಕಾಣುವುದು ಮೊದಲನೆಯದು ಮಾತ್ರ: ಎಸಿ, ಟಿವಿ, ಹಸಿರು ಅಂಗಳ, ತಿಂಗಳ ದರ. ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆಯಾದರೂ ಬದಲಿಸುವರೇ, ರಾತ್ರಿ ಡೈಪರ್ ಒದ್ದೆಯಾದರೆ ಬೆಳಗಿನವರೆಗೆ ಕಾಯುವರೇ, ನುಂಗಲು ಕಷ್ಟವಾದವರನ್ನು ಎತ್ತಿ ಕೂರಿಸಿ ಉಣಿಸುವರೇ ಎಂಬುದು ಎರಡನೆಯ ವರ್ಗದ ಪ್ರಶ್ನೆಗಳು. ಬೆನ್ನಿನ ಕೆಳಭಾಗದಲ್ಲಿ, ಹಿಮ್ಮಡಿಯಲ್ಲಿ ಆಗುವ ಹಾಸಿಗೆಹುಣ್ಣು ಮೂರನೆಯದರ ಸಾಕ್ಷಿ, ಅದು ಸುಳ್ಳು ಹೇಳುವುದಿಲ್ಲ.

ಈ ಕೆಲಸವನ್ನು ಮಾಡುವವರು ಹೆಚ್ಚಾಗಿ ಹಳ್ಳಿಗಳಿಂದ ಬಂದ ಹೆಂಗಸರು. ಹನ್ನೆರಡು ಗಂಟೆಯ ಪಾಳಿ ಅಥವಾ ಮನೆಯಲ್ಲೇ ಉಳಿದು ಹಗಲುರಾತ್ರಿ ನೋಡಿಕೊಳ್ಳುವ ಕರಾರಿನ ಮೇಲೆ ಅವರು ಬರುತ್ತಾರೆ. ಮನೆಯವರು ಕೊಡುವ ಹಣದಲ್ಲಿ ಏಜೆನ್ಸಿಯ ಪಾಲು ಕಳೆದು ಉಳಿದದ್ದು ಅವರಿಗೆ. ಭಾರವಾದ ದೇಹವನ್ನು ತಮ್ಮ ಬೆನ್ನಿಗೆ ಪೆಟ್ಟಾಗದಂತೆ ಎತ್ತುವ ವಿಧಾನವನ್ನಾದರೂ ಕಲಿಸದೆ ಕಳುಹಿಸಿದಾಗ ಇಬ್ಬರಿಗೂ ಅಪಾಯ. ಸೊಸೆಯ ದುಡಿಮೆಯನ್ನು ಹಿಂದಿನವರು ಲೆಕ್ಕಕ್ಕೆ ಹಿಡಿಯದಿದ್ದಂತೆಯೇ 2007ರ ಕಾಯ್ದೆಯೂ ಆಯಾಳ ದುಡಿಮೆಯ ಬಗ್ಗೆ ಮೌನವಾಗಿದೆ; ಅವಳ ವೇತನ, ವಿಶ್ರಾಂತಿ, ತರಬೇತಿಗಳನ್ನು ಬಿಟ್ಟು ಆರೈಕೆಯ ಗುಣಮಟ್ಟದ ಮಾತನಾಡುವುದರಲ್ಲಿ ಅರ್ಥವಿಲ್ಲ.

ಕನ್ನಡಿಗ ಹಿರಿಯರ ಮಟ್ಟಿಗೆ ಇನ್ನೊಂದು ವಿಷಯವಿದೆ. ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್‌ನ (ನಿಮ್ಸ್) ನರರೋಗ ವಿಭಾಗದಲ್ಲಿ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಶಿಯಾ, ಅಂದರೆ ನೆನಪು ಮತ್ತು ವಿವೇಚನೆಗಳು ಕ್ರಮೇಣ ಕುಂದುವ ಕಾಯಿಲೆಯಿದ್ದ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡುದು ಕಂಡುಬಂದಿತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ತೆಲುಗು, ದಖನಿ ಉರ್ದು, ಹಿಂದಿಗಳು ಬೆರೆತ ಈ ನಗರವೇ ಇಂಥ ಅಧ್ಯಯನವನ್ನು ಸಾಧ್ಯವಾಗಿಸಿತು. ಬೀದರದ ಹಿರಿಯರು ಕನ್ನಡ, ಉರ್ದು, ಮರಾಠಿ, ತೆಲುಗುಗಳ ನಡುವೆ ಸಲೀಸಾಗಿ ಓಡಾಡಿದವರು. ಕಾಯಿಲೆ ಮುಂದುವರಿದಾಗ ಅವರಲ್ಲಿ ಕೆಲವರು ಅನಂತರ ಕಲಿತ ಭಾಷೆಗಳನ್ನು ಬಿಟ್ಟು ಬಾಲ್ಯದ ಮಾತಿಗೆ ಮರಳುವುದುಂಟು. ಆಗ ನೀರು ಬೇಕು, ಹೊಟ್ಟೆ ನೋಯುತ್ತಿದೆ ಎಂಬುದನ್ನು ಕನ್ನಡದಲ್ಲಷ್ಟೇ ಹೇಳಬಲ್ಲ ಮುದುಕಿಗೆ, ತೆಲುಗು ಅಥವಾ ಒಡಿಯಾ ಮಾತ್ರ ಬಲ್ಲ ಆಯಾ ಎಷ್ಟೇ ಅಕ್ಕರೆಯವಳಾದರೂ ನೆರವಾಗಲಾರಳು. ಆಶ್ರಮಕ್ಕೆ ಸೇರಿಸಿಕೊಳ್ಳುವಾಗ ತುಂಬುವ ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಪಕ್ಕದಲ್ಲೇ ಮನೆಮಾತನ್ನೂ ಬರೆಯಬೇಕೆಂಬುದು ಇದರಿಂದ ಬರುವ ಸಣ್ಣ, ಆದರೆ ತುರ್ತಾದ ಬೇಡಿಕೆ.

ಹಿರಿಯರ ದೂರು, ಸಲಹೆಗಳಿಗಾಗಿ ಇಂದು ದೇಶದಾದ್ಯಂತ ಇರುವ 14567 ಎಂಬ ದೂರವಾಣಿ ಸೇವೆ, ಎಲ್ಡರ್ ಲೈನ್, ಟಾಟಾ ಟ್ರಸ್ಟ್ಸ್ ಮತ್ತು ವಿಜಯವಾಹಿನಿ ಚಾರಿಟಬಲ್ ಫೌಂಡೇಷನ್ ಸೇರಿ ಮೊದಲು ಹೈದರಾಬಾದಿನಲ್ಲೇ ಆರಂಭಿಸಿದ, 2021ರಲ್ಲಿ ರಾಷ್ಟ್ರಮಟ್ಟಕ್ಕೆ ಏರಿದ ಪ್ರಯೋಗ. ಕರೆ ಗಡಿಯನ್ನು ದಾಟುತ್ತದೆ, ಪಿಂಚಣಿ ದಾಟುವುದಿಲ್ಲ. ತೆಲಂಗಾಣ ಸರ್ಕಾರ 2014ರಲ್ಲಿ ಆರಂಭಿಸಿದ ಆಸರಾ ಪಿಂಚಣಿ 1,000 ರೂಪಾಯಿಯಿಂದ 2019ರಲ್ಲಿ 2,016 ರೂಪಾಯಿಗೆ ಏರಿತು. ಕರ್ನಾಟಕದಲ್ಲಿ 2007ರಿಂದ ಸಂಧ್ಯಾ ಸುರಕ್ಷಾ ಯೋಜನೆ ಇದೆ. ಎರಡೂ ಆಯಾ ರಾಜ್ಯದ ನಿವಾಸಿಗಳಿಗೆ ಮೀಸಲು. ಬೀದರ ಜಿಲ್ಲೆಯ ಔರಾದಿನ ಹೊಲವನ್ನು ಪಾಲಿಗೆ ಕೊಟ್ಟು ಮಗನ ಜೊತೆ ಮಿಯಾಪುರದ ಆರನೆಯ ಮಹಡಿಗೆ ಬಂದ ತಾಯಿ ಊರಿನ ವಿಳಾಸವನ್ನು ಉಳಿಸಿಕೊಂಡರೆ ಅವಳ ಪಿಂಚಣಿ ಊರಿನಲ್ಲಿರುತ್ತದೆ, ವಿಳಾಸ ಬದಲಿಸಿದರೆ ಅದನ್ನು ಮೊದಲಿನಿಂದ ಅರ್ಜಿ ಹಾಕಿ ಪಡೆಯಬೇಕಾಗುತ್ತದೆ. 1956ರವರೆಗೆ ಇವೆರಡು ಊರುಗಳೂ ಒಂದೇ ರಾಜ್ಯದಲ್ಲಿದ್ದವು. ಗಡಿಯ ಅಕ್ಕಪಕ್ಕದ ಬೀದರ ಮತ್ತು ಸಂಗಾರೆಡ್ಡಿ ಜಿಲ್ಲೆಗಳ ಆಡಳಿತಗಳು ಈ ಒಂದು ವಿಷಯದಲ್ಲಾದರೂ ಪರಸ್ಪರ ದಾಖಲೆಗಳನ್ನು ಒಪ್ಪಿಕೊಳ್ಳುವ ಏರ್ಪಾಡು ಮಾಡಿಕೊಂಡರೆ, ಮುಂದೆ ರಂಗಾರೆಡ್ಡಿಗೂ ಅದನ್ನು ವಿಸ್ತರಿಸಬಹುದು. ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ, ಎರಡು ರಾಜ್ಯ ಸರ್ಕಾರಗಳ ಆದೇಶಗಳು ಸಾಕು.